ಘಟ್ಟದ ದಾರಿಗೆ ಎಂಥ ಎಂಜಿನು?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಭೂಮಿಯ ಹಕ್ಕುಪತ್ರ, ಪಾಲುಪಟ್ಟಿ, ಬ್ಯಾಂಕಿನ ಸಾಲ ಇವುಗಳದ್ದೇ ಸಿಂಹಪಾಲು. ಇತ್ತೀಚೆಗೆ ಅವುಗಳ ನಡುವೆ ತರುಣ ಓದುಗರ ಇನ್ನೊಂದು ಬಗೆಯ ಪ್ರಶ್ನೆಯೂ ಸೇರಿಕೊಂಡಿದೆ. ಮನೆಯಲ್ಲಿ ಅಪ್ಪನ ಕಾಲದ ಜೀಪಿದೆ, ಇಲ್ಲವೇ ಹಳೆಯ ಜಿಪ್ಸಿಯೋ ಮಾರುತಿ ಕಾರೋ ಇದೆ. ಅದಕ್ಕೆ ಹೆಚ್ಚು ಶಕ್ತಿಯ ಎಂಜಿನು ಹಾಕಿಸಬೇಕು ಅಥವಾ ಇರುವ ಎಂಜಿನನ್ನೇ ಬಲಪಡಿಸಬೇಕು. ಯಾವುದು ಒಳ್ಳೆಯದು, ಕಾನೂನಿನ ತೊಡಕೇನಾದರೂ ಉಂಟೇ ಎಂಬುದು ಅವರ ಪ್ರಶ್ನೆಯ ಸಾರ. ಇದರ ಮೊದಲರ್ಧವನ್ನು ಗ್ಯಾರೇಜಿನವರಿಗೂ ಎರಡನೆಯ ಅರ್ಧವನ್ನು ವಕೀಲರಿಗೂ ಕೇಳುವುದು ವಾಡಿಕೆ. ಆದರೆ ಈ ಎರಡನ್ನೂ ಬೇರ್ಪಡಿಸಿ ಉತ್ತರ ಹುಡುಕುವುದರಿಂದಲೇ ಅನೇಕರು ಹಣವನ್ನೂ ವಾಹನವನ್ನೂ ಕಳೆದುಕೊಳ್ಳುತ್ತಾರೆ ಎಂಬುದು ನನ್ನ ಅಭಿಪ್ರಾಯ. ಎಂಜಿನಿನ ಆಯ್ಕೆಯನ್ನು ಎರಡು ಸಂಗತಿಗಳು ನಿರ್ಧರಿಸಬೇಕು: ವಾಹನ ದಿನನಿತ್ಯ ಓಡುವ ದಾರಿ ಮತ್ತು ಅದರ ನೋಂದಣಿ ಪತ್ರ.

ದಾರಿಯಿಂದಲೇ ಆರಂಭಿಸೋಣ. ಹಿಂದೊಮ್ಮೆ ಹನ್ನೆರಡು ಬೀದಿ ಎಂಬ ಕನ್ನಡ ಹೆಸರಿನಿಂದಲೂ ಕರೆಯಲ್ಪಡುತ್ತಿದ್ದ ಸುಲ್ತಾನ್ ಬತ್ತೇರಿ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕೋಯಿಕ್ಕೋಡಿನಿಂದ ಕೊಳ್ಳೇಗಾಲಕ್ಕೆ ಹೋಗುವ 766ನೆಯ ರಾಷ್ಟ್ರೀಯ ಹೆದ್ದಾರಿ ನಮ್ಮ ಪೇಟೆಯ ನಡುವಿನಿಂದ ಹಾದುಹೋಗುತ್ತದೆ. ಪಶ್ಚಿಮಕ್ಕೆ ಹೊರಟರೆ ಕಲ್ಪೆಟ್ಟ ದಾಟಿ ಲಕ್ಕಿಡಿಯಿಂದ ತಾಮರಶ್ಶೇರಿ ಘಟ್ಟದ ಒಂಬತ್ತು ತಿರುವುಗಳನ್ನು ಇಳಿಯಬೇಕು. ಪೂರ್ವಕ್ಕೆ ಹೊರಟರೆ ಮುತ್ತಂಗ ದಾಟಿ ಬಂಡೀಪುರದ ಕಾಡು. ಅಲ್ಲಿ ವನ್ಯಮೃಗಗಳಿಗಾಗಿ ರಸ್ತೆಯುಬ್ಬುಗಳಿವೆ, ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರ ನಿಷೇಧವಿದೆ. ದಕ್ಷಿಣಕ್ಕೆ ಹೊರಟರೆ ಗೂಡಲೂರಿನ ಮೂಲಕ ನೀಲಗಿರಿಯ ಏರು. ಈ ಮೂರೂ ದಿಕ್ಕುಗಳಲ್ಲಿ ಗಂಟೆಗೆ ನೂರೈವತ್ತು ಕಿಲೋಮೀಟರ್ ವೇಗದಲ್ಲಿ ನ್ಯಾಯವಾಗಿಯೂ ಕ್ಷೇಮವಾಗಿಯೂ ಓಡಿಸಬಹುದಾದ ಒಂದು ಫರ್ಲಾಂಗು ರಸ್ತೆಯೂ ಇಲ್ಲ. ಇರುವುದು ಎರಡನೆಯ ಗೇರಿನಲ್ಲಿ ಹತ್ತಬೇಕಾದ ತಿರುವುಗಳು, ಮಳೆಗಾಲದ ಕೆಸರಿನ ತೋಟದ ಹಾದಿಗಳು, ಕಾಫಿ ಮೆಣಸಿನ ಮೂಟೆಗಳ ಭಾರ.

ಇಂತಹ ದಾರಿಗೆ ಬೇಕಾದ ಶಕ್ತಿ ಯಾವ ಬಗೆಯದು? ಜಾಹೀರಾತುಗಳಲ್ಲಿ ದಪ್ಪಕ್ಷರದಲ್ಲಿ ಮುದ್ರಿತವಾಗುವುದು ಅಶ್ವಶಕ್ತಿ. ಆದರೆ ಆ ಅಂಕಿ ಎಂಜಿನು ತನ್ನ ಅತಿವೇಗದ ತಿರುಗುವಿಕೆಯ ಸಮೀಪ ಕೊಡುವ ಶಕ್ತಿಯನ್ನು ಹೇಳುತ್ತದೆಯೇ ಹೊರತು, ತಿರುವಿನಲ್ಲಿ ನಿಧಾನವಾಗಿ ಏರುವಾಗಿನ ಶಕ್ತಿಯನ್ನು ಹೇಳುವುದಿಲ್ಲ. ಏರಿನಲ್ಲಿ ನಮಗೆ ಅನುಭವಕ್ಕೆ ಬರುವುದು ಟಾರ್ಕ್, ಅಂದರೆ ಕ್ರ್ಯಾಂಕನ್ನು ತಿರುಚುವ ಬಲ. ಇವೆರಡರ ಸಂಬಂಧ ಸರಳವಾದದ್ದು: ನ್ಯೂಟನ್ ಮೀಟರಿನಲ್ಲಿರುವ ಟಾರ್ಕನ್ನು ನಿಮಿಷಕ್ಕೆ ಎಷ್ಟು ಸುತ್ತು ಎಂಬ ಸಂಖ್ಯೆಯಿಂದ ಗುಣಿಸಿ 9549ರಿಂದ ಭಾಗಿಸಿದರೆ ಶಕ್ತಿ ಕಿಲೋವ್ಯಾಟಿನಲ್ಲಿ ಸಿಗುತ್ತದೆ. ಹೀಗಾಗಿ ಒಂದೇ ಟಾರ್ಕನ್ನು ಹೆಚ್ಚು ಸುತ್ತುಗಳಲ್ಲಿ ಕೊಟ್ಟರೆ ಅಶ್ವಶಕ್ತಿಯ ಅಂಕಿ ದೊಡ್ಡದಾಗುತ್ತದೆ. ಆದರೆ ಅಷ್ಟು ಸುತ್ತು ತಿರುಗಿಸುವ ಅವಕಾಶ ರಸ್ತೆಯಲ್ಲಿ ಇರಬೇಕಲ್ಲ!

ಎರಡನೆಯ ಮಹಾಯುದ್ಧ ಕಾಲದ ವಿಲ್ಲೀಸ್ ಜೀಪಿನ ಎಂಜಿನು ಇದಕ್ಕೆ ಒಳ್ಳೆಯ ನಿದರ್ಶನ. ಸುಮಾರು 2.2 ಲೀಟರಿನ ಆ ಎಂಜಿನಿನ ಶಕ್ತಿ ಕೇವಲ 60 ಅಶ್ವಶಕ್ತಿ. ಆದರೆ ಅದರ ಗರಿಷ್ಠ ಟಾರ್ಕ್, ಸುಮಾರು 142 ನ್ಯೂಟನ್ ಮೀಟರ್, 2000 ಸುತ್ತುಗಳಲ್ಲೇ ಲಭ್ಯ. ಮಹೀಂದ್ರದವರು ನಮ್ಮಲ್ಲಿ ದಶಕಗಳ ಕಾಲ ತಯಾರಿಸಿದ ಸಿಜೆ 3ಬಿ ಜೀಪಿನ ಪೆಟ್ರೋಲ್ ಎಂಜಿನು ಇದರದೇ ಮುಂದಿನ ರೂಪ. 72 ಅಶ್ವಶಕ್ತಿ, ಟಾರ್ಕಿನ ಶಿಖರ ಅದೇ 2000 ಸುತ್ತು. ಹೋಲಿಕೆಗೆ ಕೆಲವು ವರ್ಷಗಳ ಹಿಂದಿನ ಮಾರುತಿ ಸ್ವಿಫ್ಟಿನ 1.2 ಲೀಟರ್ ಎಂಜಿನನ್ನು ನೋಡಿದರೆ ಅದು 6000 ಸುತ್ತುಗಳಲ್ಲಿ 90 ಅಶ್ವಶಕ್ತಿ ಕೊಡುತ್ತದೆ, ಆದರೆ ಅದರ ಗರಿಷ್ಠ ಟಾರ್ಕ್ 113 ನ್ಯೂಟನ್ ಮೀಟರ್, ಅದೂ 4400 ಸುತ್ತುಗಳಲ್ಲಿ. ಸ್ವಿಫ್ಟು ಕೆಟ್ಟ ಕಾರೆಂದು ಇದರ ಅರ್ಥವಲ್ಲ. ಹಗುರವಾದ ದೇಹ, ಅದಕ್ಕೆ ಹೊಂದುವ ಗೇರುಗಳು ಇರುವುದರಿಂದ ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಎಂಜಿನು, ಗೇರು, ಭಾರ, ಚಕ್ರ ಇವು ನಾಲ್ಕೂ ಒಂದೇ ಲೆಕ್ಕದ ಅಂಶಗಳು. ಅವುಗಳಲ್ಲಿ ಒಂದನ್ನು ಮಾತ್ರ ಕಿತ್ತು ಬದಲಿಸಿದರೆ ಲೆಕ್ಕ ತಪ್ಪುತ್ತದೆ ಎಂಬುದಷ್ಟೇ ಇಲ್ಲಿನ ಪಾಠ.

ಇನ್ನೊಂದು ಕಾಲ್ಪನಿಕ ಲೆಕ್ಕ ಮಾಡಿ ನೋಡೋಣ. ಮೊದಲನೆಯ ಎಂಜಿನು 7000 ಸುತ್ತುಗಳಲ್ಲಿ 100 ಕಿಲೋವ್ಯಾಟ್ ಕೊಡುತ್ತದೆ; ಆದರೆ 2500 ಸುತ್ತುಗಳಲ್ಲಿ ಅದರ ಟಾರ್ಕ್ 90 ನ್ಯೂಟನ್ ಮೀಟರ್ ಮಾತ್ರ. ಎರಡನೆಯದು 5000 ಸುತ್ತುಗಳಲ್ಲಿ 80 ಕಿಲೋವ್ಯಾಟ್ ಕೊಡುತ್ತದೆ. 2500 ಸುತ್ತುಗಳಲ್ಲಿ ಅದರ ಟಾರ್ಕ್ 150. ಗೆಳೆಯರ ನಡುವಿನ ಮಾತಿನಲ್ಲಿ ಗೆಲ್ಲುವುದು ಮೊದಲನೆಯದು. ಆದರೆ ಘಟ್ಟದ ತಿರುವಿನಿಂದ 2500 ಸುತ್ತುಗಳಲ್ಲಿ ಹೊರಬರುವಾಗ ಮೊದಲನೆಯದು ಸುಮಾರು 23.6 ಕಿಲೋವ್ಯಾಟನ್ನೂ ಎರಡನೆಯದು 39.3 ಕಿಲೋವ್ಯಾಟನ್ನೂ ಚಕ್ರಗಳ ಕಡೆಗೆ ಕಳುಹಿಸುತ್ತವೆ. ಮೂರರಲ್ಲಿ ಎರಡು ಪಾಲಿನಷ್ಟು ಹೆಚ್ಚು! ರಸ್ತೆಯ ಮೇಲೆ ನಿಜವಾಗಿ ಬಲಶಾಲಿಯಾದದ್ದು ಯಾವುದೆಂದು ಬೇರೆ ಹೇಳಬೇಕಿಲ್ಲ.

ನಮ್ಮ ಎತ್ತರವೂ ಇಲ್ಲಿ ತನ್ನ ಪಾಲು ಕೇಳುತ್ತದೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನು ಪ್ರತಿ ಸಾವಿರ ಮೀಟರಿಗೆ ಸ್ಥೂಲವಾಗಿ ಹತ್ತನೆಯ ಒಂದು ಪಾಲು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಬತ್ತೇರಿಯಲ್ಲಿ ಈ ನಷ್ಟ ಶೇಕಡಾ 9ರ ಆಸುಪಾಸು. 2240 ಮೀಟರ್ ಎತ್ತರದ ಊಟಿಯಲ್ಲಿ ಶೇಕಡಾ 20ಕ್ಕೂ ಮಿಗಿಲು. ಕೊಚ್ಚಿಯ ಗ್ಯಾರೇಜಿನಲ್ಲಿ ಅಳೆದ ಅಂಕಿ ವಯನಾಡಿಗೆ ಬರುವಷ್ಟರಲ್ಲೇ ಕರಗಿರುತ್ತದೆ.

ಹಾಗಾದರೆ ಆಯ್ಕೆಗಳಾವುವು? ಗ್ಯಾರೇಜಿನ ಮಾತುಕತೆಯಲ್ಲಿ ಬರುವ ಮಾರ್ಗಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು ದುರಸ್ತಿ. ಹಳೆಯ ಎಂಜಿನು ಸೊರಗಿದೆ ಎಂದು ಅದನ್ನು ಬದಲಿಸಲು ಹೊರಡುವವರಲ್ಲಿ ಹಲವರು ಅದರ ಕಂಪ್ರೆಶನ್ ಎಷ್ಟಿದೆ ಎಂದು ಒಮ್ಮೆಯೂ ಅಳೆಸಿರುವುದಿಲ್ಲ. ಸವೆದ ಪಿಸ್ಟನ್ ರಿಂಗು, ಸರಿಯಾಗಿ ಕೂರದ ವಾಲ್ವು, ದಣಿದ ಇಂಜೆಕ್ಟರು, ಜಾರುವ ಕ್ಲಚ್ಚು, ಕಟ್ಟಿಕೊಂಡ ರೇಡಿಯೇಟರು ಇವೆಲ್ಲ ಸೇರಿ ಶಕ್ತಿಯ ದೊಡ್ಡ ಪಾಲನ್ನೇ ನುಂಗಿರಬಹುದು. ಸಿಲಿಂಡರನ್ನು ಬೋರ್ ಮಾಡಿಸಿ ಅರ್ಧ ಮಿಲಿಮೀಟರು ದೊಡ್ಡ ಪಿಸ್ಟನ್ ಕೂರಿಸುವುದು ಇಂತಹ ದುರಸ್ತಿಯ ಸಾಮಾನ್ಯ ಕ್ರಮ. 74 ಮಿಲಿಮೀಟರ್ ಬೋರಿನ 1298 ಸಿಸಿ ಜಿಪ್ಸಿ ಎಂಜಿನಿಗೆ ಹಾಗೆ ಮಾಡಿದರೆ ಗಾತ್ರ ಸುಮಾರು 18 ಸಿಸಿಯಷ್ಟು ಮಾತ್ರ ಹೆಚ್ಚುತ್ತದೆ. ಇದರಿಂದ ಹೊಸ ಶಕ್ತಿಯೇನೂ ಹುಟ್ಟುವುದಿಲ್ಲ, ಕಳೆದುಹೋದ ಶಕ್ತಿ ಮರಳುತ್ತದೆ. ಅದೇ ನಮಗೆ ಬೇಕಾದದ್ದು.

ಎರಡನೆಯದು ಉಸಿರಾಟದ ಬದಲಾವಣೆ. ಹೆಚ್ಚು ಹೊತ್ತು ವಾಲ್ವುಗಳನ್ನು ತೆರೆದಿಡುವ ಕ್ಯಾಮ್ ಶಾಫ್ಟು, ಹೆಚ್ಚಿಸಿದ ಕಂಪ್ರೆಶನ್, ಅಗಲಿಸಿದ ಪೋರ್ಟುಗಳು. ಓಟದ ಕಾರುಗಳಿಗೆ ಇವು ಶಾಸ್ತ್ರೀಯ ಉಪಾಯಗಳು. ಆದರೆ ಇಂತಹ ಕ್ಯಾಮು ಮೇಲಿನ ಸುತ್ತುಗಳಲ್ಲಿ ಕೊಡುವುದನ್ನು ಕೆಳಗಿನ ಸುತ್ತುಗಳಿಂದ ಕಿತ್ತುಕೊಳ್ಳುತ್ತದೆ. ನಿಂತಲ್ಲಿ ಎಂಜಿನು ನಡುಗುತ್ತದೆ, ಏರಿನಲ್ಲಿ ಹೊರಡಲು ತಡವರಿಸುತ್ತದೆ. ಕಂಪ್ರೆಶನ್ ಹೆಚ್ಚಿದಂತೆ ಇಂಧನದ ಆಕ್ಟೇನ್ ಮಟ್ಟವೂ ಹೆಚ್ಚಬೇಕು, ಇಲ್ಲವಾದರೆ ಎಂಜಿನು ಬಡಿದುಕೊಳ್ಳುತ್ತದೆ, ಕ್ರಮೇಣ ಪಿಸ್ಟನ್ ಒಡೆಯುತ್ತದೆ. ಈಗ ಪಂಪುಗಳಲ್ಲಿ ಸಿಗುವ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಆಕ್ಟೇನ್ ಸ್ವಲ್ಪ ಹೆಚ್ಚು ಎಂಬುದೇನೋ ನಿಜ. ಆದರೆ ಲೀಟರು ಲೆಕ್ಕದಲ್ಲಿ ಎಥನಾಲಿನ ಉಷ್ಣಶಕ್ತಿ ಪೆಟ್ರೋಲಿನ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಹಳೆಯ ಕಾರ್ಬ್ಯುರೇಟರಿನ ಎಂಜಿನುಗಳಲ್ಲಿ ರಬ್ಬರಿನ ಕೊಳವೆಗಳೂ ಜೆಟ್ಟುಗಳೂ ಇದಕ್ಕೆ ಹೊಂದುವುದಿಲ್ಲ. ಹಳೆಯ ವಾಹನದವರು ಕ್ಯಾಮಿಗೆ ಹಣ ಸುರಿಯುವ ಮೊದಲು ಈ ಕೊಳವೆಗಳನ್ನು ಬದಲಿಸಿಕೊಳ್ಳುವುದು ಜಾಣತನ. ಬೆಂಕಿಯ ಅಪಾಯವಾದರೂ ತಪ್ಪೀತು.

ಮೂರನೆಯದು ಟರ್ಬೊ ಮತ್ತು ಎಂಜಿನಿನ ಕಂಪ್ಯೂಟರಿನ ಮರುಹೊಂದಾಣಿಕೆ. ಟರ್ಬೊ ನಮ್ಮ ಎತ್ತರದ ನಷ್ಟವನ್ನು ತುಂಬಿಕೊಡುತ್ತದೆ, ಕೆಳಗಿನ ಸುತ್ತುಗಳಲ್ಲೂ ಟಾರ್ಕು ಕೊಡಬಲ್ಲದು. ಆದ್ದರಿಂದಲೇ ಕಾರ್ಖಾನೆಯಿಂದಲೇ ಟರ್ಬೊ ಹೊತ್ತು ಬರುವ ಹೊಸ ಕಾರುಗಳು ಘಟ್ಟದಲ್ಲಿ ಸಲೀಸಾಗಿ ಏರುತ್ತವೆ. ಆದರೆ ಅದಿಲ್ಲದ ಎಂಜಿನಿಗೆ ಹೊರಗಿನಿಂದ ಟರ್ಬೊ ಜೋಡಿಸಿದರೆ ಪಿಸ್ಟನ್, ಕನೆಕ್ಟಿಂಗ್ ರಾಡ್, ತಂಪುಮಾಡುವ ವ್ಯವಸ್ಥೆ, ಕ್ಲಚ್ಚು ಎಲ್ಲವೂ ಹೆಚ್ಚಿನ ಹೊರೆಯನ್ನು ಹೊರಬೇಕಾಗುತ್ತದೆ. ಕಂಪ್ಯೂಟರಿನ ಮರುಹೊಂದಾಣಿಕೆ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಕಾನೂನಿಗೂ ಕಾಣುವುದಿಲ್ಲ ಎಂಬ ನಂಬಿಕೆ ಪ್ರಚಲಿತದಲ್ಲಿದೆ. ಹೊಗೆಯ ಪ್ರಮಾಣ ಮಿತಿ ಮೀರಿದರೆ ಅಥವಾ ಹೊಗೆ ಶುದ್ಧೀಕರಿಸುವ ಭಾಗಗಳನ್ನು ಕಿತ್ತುಹಾಕಿದ್ದರೆ ಆ ನಂಬಿಕೆ ಉಳಿಯುವುದಿಲ್ಲ.

ನಾಲ್ಕನೆಯದು, ನಮ್ಮ ಕಡೆ ಎಲ್ಲಕ್ಕಿಂತ ಜನಪ್ರಿಯವಾದದ್ದು, ಇಡೀ ಎಂಜಿನನ್ನೇ ಬದಲಿಸುವುದು. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನು, ಸಣ್ಣ ಡೀಸೆಲಿನ ಜಾಗಕ್ಕೆ 2523 ಸಿಸಿಯ ದೊಡ್ಡ ಡೀಸೆಲು, ಹೀಗೆ. ಟಾರ್ಕಿನ ದೃಷ್ಟಿಯಿಂದ ಇದರಲ್ಲಿ ಅರ್ಥವಿದೆ. ಆದರೆ ಭಾರವಾದ ಎಂಜಿನು ಮುಂದಿನ ಸ್ಪ್ರಿಂಗುಗಳ ಮೇಲೆ ಕೂರುತ್ತದೆ. ಹಳೆಯ ಗೇರುಪೆಟ್ಟಿಗೆ, ಆಕ್ಸಲ್, ಸ್ಟಿಯರಿಂಗ್ ಇವುಗಳನ್ನು ತಯಾರಕರು ಆ ಹೊರೆಗಾಗಿ ಲೆಕ್ಕ ಹಾಕಿರುವುದಿಲ್ಲ. ಬ್ರೇಕಿನ ಮಾತು ಇನ್ನೂ ಗಂಭೀರವಾದದ್ದು. ಒಂದೂವರೆ ಟನ್ ತೂಗುವ ವಾಹನ 600 ಮೀಟರ್ ಕೆಳಗಿಳಿಯುವಾಗ ಸುಮಾರು 88 ಲಕ್ಷ ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಅದು 25 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಲು ಸಾಕು. ಕೆಳಗೇರಿನ ಹಿಡಿತವೂ ಗಾಳಿಯ ತಡೆಯೂ ಹೊರದ ಪಾಲೆಲ್ಲ ಬ್ರೇಕಿನ ಡ್ರಮ್ಮುಗಳಲ್ಲಿ ಶಾಖವಾಗುತ್ತದೆ. ಏರುವ ಶಕ್ತಿಯನ್ನು ಹೆಚ್ಚಿಸಿ ಇಳಿಸುವ ಶಕ್ತಿಯನ್ನು ಹಾಗೆಯೇ ಬಿಟ್ಟ ವಾಹನ ಘಟ್ಟದ ಮೇಲೆ ಎಲ್ಲರಿಗೂ ಅಪಾಯ.

ಇಲ್ಲಿಂದ ಮುಂದಿನದು ನೋಂದಣಿ ಪತ್ರದ ವಿಷಯ. ಎಂಜಿನು ಸಂಖ್ಯೆ, ಸಿಲಿಂಡರುಗಳ ಸಂಖ್ಯೆ, ಸಿಸಿ, ಇಂಧನ, ತೂಕ ಎಲ್ಲವೂ ಆ ಪತ್ರದಲ್ಲಿ ದಾಖಲಾಗಿರುತ್ತವೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವ ಮಾಲೀಕನೂ ವಾಹನವನ್ನು ಮಾರ್ಪಡಿಸಕೂಡದು. 2000ನೆಯ ಇಸವಿಯ ತಿದ್ದುಪಡಿಯಿಂದ ಬಂದ ಈ ಮಾತಿನ ವ್ಯಾಪ್ತಿ ಎಷ್ಟು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಹೋದದ್ದು ಕೇರಳದ ಪ್ರಕರಣದಲ್ಲಿಯೇ. ಕೇರಳ ಹೈಕೋರ್ಟಿನ ವಿಭಾಗೀಯ ಪೀಠ ಉದಾರ ನಿಲುವು ತಳೆದಿತ್ತು. 2019ರ ಜನವರಿ 9ರಂದು ಪ್ರಾದೇಶಿಕ ಸಾರಿಗೆ ಅಧಿಕಾರಿ ವಿರುದ್ಧ ಕೆ. ಜಯಚಂದ್ರ ಪ್ರಕರಣದಲ್ಲಿ ನ್ಯಾಯಮೂರ್ತಿ ಅರುಣ್ ಮಿಶ್ರಾ ಮತ್ತು ನ್ಯಾಯಮೂರ್ತಿ ವಿನೀತ್ ಸರಣ್ ಅವರ ಪೀಠ ಆ ತೀರ್ಪನ್ನು ಬದಿಗಿರಿಸಿತು. ತಯಾರಕರ ಮೂಲ ನಿರ್ದಿಷ್ಟತೆಗೆ ವಿರುದ್ಧವಾದ ಮಾರ್ಪಾಟಿಗೆ ಅವಕಾಶವಿಲ್ಲ, ರಾಜ್ಯದ ನಿಯಮಗಳು ಕೇಂದ್ರದ ಕಾಯಿದೆಗೆ ಅಧೀನವಾಗಿಯೇ ಇರಬೇಕು ಎಂಬುದು ಅದರ ತಾತ್ಪರ್ಯ.

ಅದೇ ವರ್ಷದ ತಿದ್ದುಪಡಿ ಕಾಯಿದೆ ಶಿಕ್ಷೆಯನ್ನೂ ಸ್ಪಷ್ಟಪಡಿಸಿತು. 182ಎ ಕಲಮಿನ ನಾಲ್ಕನೆಯ ಉಪಕಲಮಿನಂತೆ, ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿಯೊಂದು ಮಾರ್ಪಾಟಿಗೂ 5000 ರೂಪಾಯಿ ದಂಡ ಅಥವಾ ಎರಡೂ. 'ಪ್ರತಿಯೊಂದು' ಎಂಬ ಪದವನ್ನು ಓದುಗರು ಗಮನಿಸಬೇಕು. ಎಂಜಿನು ಒಂದು, ಸೈಲೆನ್ಸರು ಒಂದು, ಚಕ್ರ ಒಂದು, ದೀಪ ಒಂದು ಎಂದು ಪಟ್ಟಿ ಬೆಳೆಯುತ್ತದೆ. ಶಬ್ದ ಮತ್ತು ಹೊಗೆಯ ಮಿತಿ ಮೀರಿದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಿದವರಿಗೆ 190ನೆಯ ಕಲಮಿನಡಿ ಮೊದಲ ಅಪರಾಧಕ್ಕೇ ಮೂರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ವಿಧಿಸಬಹುದು. ಜೊತೆಗೆ ಚಾಲನಾ ಪರವಾನಗಿಗೂ ಮೂರು ತಿಂಗಳ ಅನರ್ಹತೆ. ವಾಹನ ಸಾರ್ವಜನಿಕರಿಗೆ ಅಪಾಯಕಾರಿಯೆಂದು ಕಂಡರೆ 53ನೆಯ ಕಲಮಿನಡಿ ನೋಂದಣಿಯನ್ನೇ ಅಮಾನತಿನಲ್ಲಿಡಬಹುದು. 2024ರ ಜುಲೈಯಲ್ಲಿ ನಮ್ಮದೇ ಜಿಲ್ಲೆಯ ಪನಮರದಲ್ಲಿ ಮಾರ್ಪಡಿಸಿದ ತೆರೆದ ಜೀಪೊಂದರ ಸವಾರಿಯ ವಿಡಿಯೋ ಹರಿದಾಡಿದಾಗ ಕೇರಳ ಹೈಕೋರ್ಟು ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡದ್ದನ್ನು ಓದುಗರು ಮರೆತಿರಲಾರರು.

ಹಾಗೆಂದು ಎಲ್ಲ ಬಾಗಿಲುಗಳೂ ಮುಚ್ಚಿವೆ ಎಂದಲ್ಲ. ಕೆಟ್ಟುಹೋದ ಎಂಜಿನಿನ ಸ್ಥಾನದಲ್ಲಿ ಅದೇ ತಯಾರಕರ, ಅದೇ ಮಾದರಿಯ ಎಂಜಿನನ್ನು ಕೂರಿಸಲು ನೋಂದಣಿ ಅಧಿಕಾರಿಯಿಂದ ಅನುಮತಿ ಕೇಳಬಹುದು. ಹೊಸ ಎಂಜಿನಿನ ಸಂಖ್ಯೆ ನೋಂದಣಿ ಪತ್ರದಲ್ಲಿ ದಾಖಲಾಗಲೇಬೇಕು, ಅದನ್ನು ಕೊಂಡ ರಶೀದಿ ಕೈಯಲ್ಲಿರಲೇಬೇಕು. ಅನಿಲ, ವಿದ್ಯುತ್ತು ಮೊದಲಾದ ಬೇರೆ ಇಂಧನಕ್ಕೆ ಬದಲಾಗುವವರಿಗೆ ಮಾನ್ಯತೆ ಪಡೆದ ಕಿಟ್ಟಿನ ಮೂಲಕ, ನಿಯಮಗಳಿಗೊಳಪಟ್ಟು, ಕಲಂ 52ರಲ್ಲಿಯೇ ವಿನಾಯಿತಿಯಿದೆ. ಮೂಲ ಎಂಜಿನನ್ನು ಮೂಲ ಸ್ಥಿತಿಗೆ ತರುವ ದುರಸ್ತಿಗಂತೂ ಯಾವ ತಡೆಯೂ ಇಲ್ಲ.

ದಂಡಕ್ಕಿಂತ ದೊಡ್ಡ ಗಂಡಾಂತರ ವಿಮೆಯದು. ದಂಡ ಕಟ್ಟಿ ಮರೆಯಬಹುದು. ಅಪಘಾತದ ಪರಿಹಾರ ಹಾಗಲ್ಲ. ಸ್ವಂತ ವಾಹನದ ನಷ್ಟಕ್ಕೆ ಸಂಬಂಧಿಸಿದ ವಿಮೆ ಶುದ್ಧ ಕರಾರು. ಎಂಜಿನು ಬದಲಿಸಿದ್ದನ್ನು ತಿಳಿಸದೆ ಪಾಲಿಸಿ ನವೀಕರಿಸಿದವರಿಗೆ ಕಂಪನಿ ಹಣ ನಿರಾಕರಿಸಲು ನಾವೇ ಕಾರಣ ಒದಗಿಸಿದಂತಾಗುತ್ತದೆ. ಮೂರನೆಯವರ ಪರಿಹಾರದ ವಿಷಯದಲ್ಲಿ ಕಂಪನಿಯ ಆಕ್ಷೇಪಣೆಗಳನ್ನು ಕಾಯಿದೆ ಮಿತಗೊಳಿಸಿದೆ. ಆದರೆ ಮಹತ್ವದ ಸಂಗತಿಯನ್ನು ಮರೆಮಾಚಿ ಪಾಲಿಸಿ ಪಡೆಯಲಾಗಿದೆ ಎಂಬ ಆಕ್ಷೇಪಣೆ ಈಗಿನ 150ನೆಯ ಕಲಮಿನಲ್ಲಿ ಉಳಿದೇ ಇದೆ. ಪಾಲಿಸಿಯ ಷರತ್ತು ಮುರಿದ ಪ್ರಕರಣಗಳಲ್ಲಿ ಮೊದಲು ಕಂಪನಿ ಗಾಯಾಳುವಿಗೆ ಹಣ ಕೊಟ್ಟು ಬಳಿಕ ಮಾಲೀಕನಿಂದ ವಸೂಲು ಮಾಡುವ ಪದ್ಧತಿ 2004ರ ಸ್ವರಣ್ ಸಿಂಗ್ ಪ್ರಕರಣದಿಂದ ಗಟ್ಟಿಯಾಗಿದೆ. ಗಾಯಗೊಂಡವರಿಗೆ ಇದು ಆಸರೆ. ಮಾಲೀಕನ ಪಾಲಿಗೆ ಮನೆ ತೋಟ ಜಪ್ತಿಗೆ ಬರುವ ದಾರಿ.

ಮತ್ತು ಆ ಮಾಲೀಕ ಯಾರು? ಎಂಜಿನು ಹಾಕಿಸಿದ ಮಗನಲ್ಲ; ನೋಂದಣಿ ಪತ್ರದಲ್ಲಿ ಯಾರ ಹೆಸರಿದೆಯೋ ಅವರು. ಅನೇಕ ಮನೆಗಳಲ್ಲಿ ಅದು ತಂದೆಯ ಹೆಸರು, ಕೆಲವೊಮ್ಮೆ ಅಜ್ಜನದು. 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದನ್ನೇ: ವಾಹನ ಎಷ್ಟು ಕೈ ಬದಲಾಗಿದ್ದರೂ ದಾಖಲೆಯಲ್ಲಿ ಹೆಸರಿರುವವರೇ ಹೊಣೆಗಾರರು. ಮಾರ್ಪಡಿಸಿದ ಜೀಪನ್ನು ಕಾಗದಪತ್ರ ವರ್ಗಾಯಿಸದೆ ಮಾರಿದವರು ಅದು ಘಟ್ಟದಲ್ಲಿ ಉರುಳುವ ದಿನದವರೆಗೂ ಅದರ ಒಡೆಯರೇ. ಕೊಳ್ಳುವವರಿಗೂ ಸಂಕಟ ತಪ್ಪಿದ್ದಲ್ಲ. ನೋಂದಣಿಯ ಹದಿನೈದು ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ತಪಾಸಣೆಯ ದಿನ ಪತ್ರದಲ್ಲಿರುವ ಎಂಜಿನು ಸಂಖ್ಯೆಯೂ ಬಾನೆಟ್ಟಿನ ಕೆಳಗಿನ ಸಂಖ್ಯೆಯೂ ತಾಳೆಯಾಗದಿದ್ದರೆ, ಮೂರು ಒಡೆಯರ ಹಿಂದೆ ನಡೆದ ಮಾರ್ಪಾಟಿಗೆ ಇಂದಿನ ಒಡೆಯ ಉತ್ತರ ಕೊಡಬೇಕಾಗುತ್ತದೆ. ಆದ್ದರಿಂದ ಹಳೆಯ ಜೀಪು ಕೊಳ್ಳುವವರು ಬಣ್ಣ, ಟೈರು ನೋಡುವ ಮೊದಲು ಟಾರ್ಚು ಹಿಡಿದು ಆ ಎರಡು ಸಂಖ್ಯೆಗಳನ್ನು ಓದಬೇಕು.

ಮೂಲ ಪೆಟ್ರೋಲ್ ಎಂಜಿನು ಉಳಿದಿರುವ ತೀರ ಹಳೆಯ ಜೀಪುಗಳ ಒಡೆಯರಿಗೆ ಇನ್ನೊಂದು ಮಾತು. 2021ರ ಜುಲೈಯಲ್ಲಿ ಬಂದ ನಿಯಮಗಳಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲಿಯೇ ಉಳಿದಿರುವ ವಾಹನಗಳನ್ನು ವಿಂಟೇಜ್ ವಾಹನಗಳಾಗಿ ನೋಂದಾಯಿಸಬಹುದು. ದಿನನಿತ್ಯದ ಓಡಾಟಕ್ಕೆ ಆ ನೋಂದಣಿ ಸಲ್ಲದು, ಪ್ರದರ್ಶನ ಮತ್ತು ರ‍್ಯಾಲಿಗಳಿಗೆ ಮಾತ್ರ. ಆದರೆ ಎಂಜಿನು ಬದಲಿಸಿದ ಜೀಪಿಗೆ ಆ ಬಾಗಿಲು ಮುಚ್ಚಿದಂತೆಯೇ. ತುಕ್ಕು ಹಿಡಿದದ್ದೆಂದು ಗುಜರಿಗೆ ತೂಕಕ್ಕೆ ಹಾಕುವ ಆ ಮೂಲ ಎಂಜಿನೇ ಜೀಪಿನ ಬೆಲೆಯ ಬಹುಪಾಲು ಆಗಿರಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಕಾನೂನಿನ ಕೊರತೆಯನ್ನೂ ಹೇಳಬೇಕು. ಲೆಕ್ಕ ಹಾಕಿ, ಬ್ರೇಕು ಬಲಪಡಿಸಿ, ಎಚ್ಚರದಿಂದ ಕೆಲಸ ಮಾಡಿದವನಿಗೂ ಬೀದಿಯಲ್ಲಿ ಅಬ್ಬರಿಸಲೆಂದೇ ಸೈಲೆನ್ಸರು ಕಿತ್ತವನಿಗೂ ನಮ್ಮ ಕಾಯಿದೆ ಒಂದೇ ಬೆತ್ತ ಬೀಸುತ್ತದೆ. 2018ರ ಮಹಾಪ್ರವಾಹದಲ್ಲಿ ಬೇರೆ ವಾಹನಗಳು ಹೋಗಲಾರದ ಕಡೆ ಎತ್ತರಿಸಿದ ಜೀಪುಗಳು ನುಗ್ಗಿ ಜನರನ್ನು ಕರೆತಂದವು. ನೀರಿಳಿದ ಮೇಲೆ ಅವೇ ಜೀಪುಗಳು ಕಾನೂನಿನ ಕಣ್ಣಲ್ಲಿ ಮತ್ತೆ ಅಪರಾಧಿಗಳಾದವು. ಜರ್ಮನಿಯಲ್ಲಿ ಎಂಜಿನು ಬದಲಿಸಿದವರು ಟಿಯುವಿಯಂತಹ ಮಾನ್ಯತೆ ಪಡೆದ ಸಂಸ್ಥೆಯ ತಜ್ಞರ ಮುಂದೆ ವಾಹನವನ್ನು ತಂದು ನಿಲ್ಲಿಸಬೇಕು. ಬ್ರೇಕು, ಹೊಗೆ, ಶಬ್ದ ಎಲ್ಲವೂ ಪರೀಕ್ಷೆಗೊಳಗಾಗಿ ಒಪ್ಪಿಗೆಯಾದರೆ ಆ ಮಾರ್ಪಾಟು ವಾಹನದ ದಾಖಲೆಗೆ ಸೇರುತ್ತದೆ. ನಮ್ಮ 2019ರ ತಿದ್ದುಪಡಿಯಲ್ಲೂ ಮಾರ್ಪಾಟುಗಳಿಗೆ ಮಾನದಂಡ ಮತ್ತು ಅನುಮೋದನೆಯ ಷರತ್ತುಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಡುವ ಮಾತಿದೆ. ಸಾಮಾನ್ಯನೂ ತಲುಪಬಹುದಾದ ಪರೀಕ್ಷೆಯ ದಾರಿಯೊಂದು ಅದರಿಂದ ತೆರೆದರೆ ಗುಟ್ಟಾಗಿ ನಡೆಯುವ ಅಪಾಯಕಾರಿ ಕೆಲಸ ತಾನಾಗಿಯೇ ಕಡಿಮೆಯಾದೀತು. ಜನಪ್ರತಿನಿಧಿಗಳ ಮುಂದೆ ಇಡಬೇಕಾದ ಬೇಡಿಕೆ ಇದು. ಆದರೆ ಆ ದಾರಿ ತೆರೆಯುವವರೆಗೆ ಇರುವ ಕಾನೂನೇ ಕಾನೂನು.

ನಿಜವಾಗಿಯೂ ವೇಗದ ಎಂಜಿನು ಕಟ್ಟುವ ಹಂಬಲವುಳ್ಳವರಿಗೆ ನ್ಯಾಯವಾದ ಸ್ಥಳವೂ ಬಹು ದೂರವಿಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಹೆಸರು ಪಡೆದದ್ದು ಎಸ್. ಕರಿವರ್ಧನ್ ಅವರಿಂದ. ಸಾಮಾನ್ಯ ಮಾರುತಿ 800ರ ಎಂಜಿನನ್ನೇ ಬಳಸಿ ಅವರು ಫಾರ್ಮುಲಾ ಮಾರುತಿ ಎಂಬ ಓಟದ ಕಾರನ್ನು ರೂಪಿಸಿ ಭಾರತದ ಎಷ್ಟೋ ತರುಣರಿಗೆ ಓಟದ ಪಥವನ್ನು ತೆರೆದರು. ದೊಡ್ಡ ಎಂಜಿನಿಲ್ಲದೆಯೂ ಚಾಲಕನ ಕೌಶಲ ಬೆಳೆಯಬಲ್ಲದೆಂಬುದಕ್ಕೆ ಅದು ಸಾಕ್ಷಿ. ಭಾರತೀಯ ಮೋಟಾರು ಕ್ರೀಡಾ ಕ್ಲಬ್ಬುಗಳ ಒಕ್ಕೂಟದ ಪರವಾನಗಿ ಪಡೆದು, ಕಾರನ್ನು ಟ್ರೇಲರಿನ ಮೇಲೆ ಒಯ್ದು, ಹೆಲ್ಮೆಟ್ಟು ಧರಿಸಿ, ಅಂಬುಲೆನ್ಸು ನಿಂತಿರುವ ಕಡೆ ಎಷ್ಟು ಸುತ್ತು ಬೇಕಾದರೂ ತಿರುಗಿಸಬಹುದು.

ರಸ್ತೆಯ ವಾಹನಕ್ಕಾದರೆ ನನ್ನ ಸಲಹೆಯ ಕ್ರಮ ಇಷ್ಟು. ಮೊದಲು ನೋಂದಣಿ ಪತ್ರವನ್ನೂ ಎಂಜಿನು ಸಂಖ್ಯೆಯನ್ನೂ ತಾಳೆ ನೋಡಿ. ಬಳಿಕ ಕಂಪ್ರೆಶನ್ ಅಳೆಸಿ, ಎಂಜಿನನ್ನು ತಯಾರಕರು ಹೇಳಿದ ಸ್ಥಿತಿಗೆ ತನ್ನಿ. ಹಣ ಉಳಿದರೆ ಬ್ರೇಕು, ಟೈರು, ಕ್ಲಚ್ಚುಗಳನ್ನು ತಯಾರಕರ ಅಳತೆಯಲ್ಲಿಯೇ ಹೊಸದಾಗಿಸಿ. ಇಷ್ಟಾದ ಮೇಲೂ ಘಟ್ಟದಲ್ಲಿ ಶಕ್ತಿ ಸಾಲದೆನಿಸಿದರೆ, ಬೇಕಾದ ಟಾರ್ಕು ಕಾರ್ಖಾನೆಯಿಂದಲೇ ಇರುವ ಬೇರೊಂದು ವಾಹನವನ್ನು ಕೊಳ್ಳುವುದು ಅಗ್ಗ. ಎಂಜಿನು ಬದಲಿಸಲೇಬೇಕಾದರೆ ಅದೇ ಮಾದರಿಯದನ್ನು, ಮೊದಲೇ ಅನುಮತಿ ಪಡೆದು, ರಶೀದಿಯೊಂದಿಗೆ ಕೂರಿಸಿ, ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ. ಗ್ಯಾರೇಜಿಗೆ ಮುಂಗಡ ಕೊಡುವ ಮೊದಲು, ನೋಂದಣಿ ಪತ್ರದಲ್ಲಿ ಹೆಸರಿರುವ ಹಿರಿಯರನ್ನು ಕೂರಿಸಿಕೊಂಡು ಈ ಹೊಣೆ ಅವರ ಹೆಗಲಿಗೇರುತ್ತದೆ ಎಂಬುದನ್ನು ಬಿಡಿಸಿ ಹೇಳಿ. ಅವರು ಒಪ್ಪಿದರೆ ಮಾತ್ರ ಮುಂದಿನ ಮಾತು.